ಈಬಸ್ ಸೂಜಿಯ ಸ್ಯಾಂಪಲ್: ಸ್ಮಿಯರ್‌ಗೆ ಎಷ್ಟು, ಎಲ್‌ಬಿಸಿಗೆ ಎಷ್ಟು, ಸೆಲ್ ಬ್ಲಾಕ್‌ಗೆ ಎಷ್ಟು?

ಸ್ಲೈಡ್‌ಟ್ರೇ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಶ್ವಾಸಕೋಶದ ಕ್ಯಾನ್ಸರ್ ಅನುಮಾನ ಇರುವವರಿಂದ ನಮ್ಮ ಸೈಟಾಲಜಿ (ಕೋಶ ಪರೀಕ್ಷೆ) ಬೆಂಚಿಗೆ ಮೂರು ಥರದ ಸ್ಯಾಂಪಲ್ ಬರುತ್ತವೆ: ಬ್ರಾಂಕಿಯಲ್ ವಾಶ್ ಅಥವಾ ಬಿಎಎಲ್ (ಶ್ವಾಸನಾಳ, ಶ್ವಾಸಕೋಶ ತೊಳೆದು ತೆಗೆದ ದ್ರವ), ಬ್ರಶ್ (ಶ್ವಾಸನಾಳದ ಗೋಡೆ ಉಜ್ಜಿದ್ದು), ಮತ್ತು ಈಬಸ್‌ನಲ್ಲಿ (ಅಲ್ಟ್ರಾಸೌಂಡ್ ಇರುವ ಬ್ರಾಂಕೋಸ್ಕೋಪ್‌ನಲ್ಲಿ) ಎದೆ ನಡುವಿನ ಲಿಂಫ್ ನೋಡ್‌ಗೆ 22 ಗೇಜ್ ಸೂಜಿ ಹಾಕಿ ತೆಗೆದದ್ದು. ಮೊದಲೆರಡು ಹೇಗೋ ನಡೆಯುತ್ತವೆ. ತಲೆನೋವು ಮೂರನೆಯದು. ಸ್ಮಿಯರ್‌ನಲ್ಲಿ (ಗಾಜಿನ ಸ್ಲೈಡ್ ಮೇಲೆ ಹರಡಿದ್ದರಲ್ಲಿ) ಟ್ಯೂಮರ್ ಕೋಶಗಳು ಧಾರಾಳವಾಗಿ ಕಾಣುತ್ತವೆ. ಅದೇ ಪಾಸ್‌ನ (ಸೂಜಿ ಒಂದು ಸಲ ಹಾಕಿ ತೆಗೆದದ್ದರ) ಸೆಲ್ ಬ್ಲಾಕ್ (ಕೋಶಗಳನ್ನು ಒಟ್ಟುಗೂಡಿಸಿ ಮೇಣದಲ್ಲಿ ಕೂರಿಸಿದ್ದು) ಕತ್ತರಿಸಿದರೆ ಬರೀ ರಕ್ತ ಮತ್ತು ಫೈಬ್ರಿನ್. ಆಂಕಾಲಜಿಯವರು ಇಜಿಎಫ್‌ಆರ್, ಎಎಲ್‌ಕೆ, ಪಿಡಿ-ಎಲ್1 (ಯಾವ ಔಷಧಿ ಎಂದು ತೀರ್ಮಾನಿಸುವ ಟೆಸ್ಟ್‌ಗಳು) ಮೂರನ್ನೂ ಕೇಳುತ್ತಾರೆ. ಕೊಡಲು ಬ್ಲಾಕ್‌ನಲ್ಲಿ ಏನೂ ಉಳಿದಿರುವುದಿಲ್ಲ.

ಗರ್ಭಕಂಠದ ಪ್ಯಾಪ್‌ಗೆಂದು ತಂದ ಥಿನ್‌ಪ್ರೆಪ್ ಮೆಷಿನ್ ಲ್ಯಾಬ್‌ನಲ್ಲಿದೆ. ಹಾಗಾಗಿ ಸೂಜಿಯ ಸ್ಯಾಂಪಲ್ಲನ್ನೂ ಪೂರ್ತಿ ಎಲ್‌ಬಿಸಿ (ಕೋಶಗಳನ್ನು ದ್ರಾವಣಕ್ಕೆ ಹಾಕಿ ಮೆಷಿನ್‌ನಿಂದ ಸ್ಲೈಡ್ ಮಾಡುವ ವಿಧಾನ) ವಯಲ್‌ಗೇ ಹಾಕಿಸಿಬಿಡೋಣ ಎಂಬ ಮಾತು ಬಂದಿದೆ. ಹಾಗೆ ಮಾಡಬಹುದೇ? ಸ್ಮಾಲ್ ಸೆಲ್ ಕಾರ್ಸಿನೋಮ (ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರ್) ಎಲ್‌ಬಿಸಿಯಲ್ಲಿ ಗುರುತು ತಪ್ಪಿಸುತ್ತದೆ ಎನ್ನುತ್ತಾರಲ್ಲ, ಅದು ಎಷ್ಟರ ಮಟ್ಟಿಗೆ ನಿಜ? ಮತ್ತೆ, ಪ್ಲಾಸ್ಮಾ-ಥ್ರಾಂಬಿನ್ ಮತ್ತು ಅಗಾರ್ ಎರಡರಲ್ಲಿ ಸೆಲ್ ಬ್ಲಾಕ್‌ಗೆ ಯಾವುದು ವಾಸಿ? ದಯವಿಟ್ಟು ಅಳತೆ ಸಮೇತ ತಿಳಿಸಿ.

ಮೇ-ಗ್ರುನ್ವಾಲ್ಡ್

ಮೊದಲ ಪ್ರಶ್ನೆಗೆ ನೇರ ಉತ್ತರ: ಬೇಡ. ಈಬಸ್ ಸ್ಯಾಂಪಲ್ ಪೂರ್ತಿ ಎಲ್‌ಬಿಸಿಗೆ ಹೋಗಬಾರದು. ಎಲ್‌ಬಿಸಿ ಕೆಟ್ಟ ವಿಧಾನವೇನಲ್ಲ. ಆದರೆ ಸೂಜಿಯಿಂದ ಬಂದ ಸಾಮಗ್ರಿಯಿಂದ ಮೂರು ಕೆಲಸ ಆಗಬೇಕು: ಇದು ಕ್ಯಾನ್ಸರೇ, ಯಾವ ಬಗೆ, ಯಾವ ಔಷಧಿಗೆ ಬಗ್ಗೀತು. ಎಲ್‌ಬಿಸಿ ಸ್ಲೈಡ್ ಮೊದಲನೆಯದಕ್ಕೆ ಚೆನ್ನಾಗಿ, ಎರಡನೆಯದಕ್ಕೆ ಅರ್ಧಂಬರ್ಧ ಉತ್ತರ ಕೊಡುತ್ತದೆ. ಮೂರನೆಯದಕ್ಕೆ ನಿಮ್ಮ ಲ್ಯಾಬ್ ಎಲ್‌ಬಿಸಿ ದ್ರಾವಣದ ಮೆಥನಾಲ್‌ನಲ್ಲಿ ಕೂತ ಸ್ಯಾಂಪಲ್ ಮೇಲೆ ಪ್ರತಿಯೊಂದು ಟೆಸ್ಟನ್ನೂ ಬೇರೆಯಾಗಿ ವ್ಯಾಲಿಡೇಟ್ ಮಾಡಿರಬೇಕು.

ಎಲ್‌ಬಿಸಿಯಿಂದ ನಿಜವಾದ ಲಾಭ ಇರುವುದು ವಾಶ್ ಮತ್ತು ಬ್ರಶ್‌ಗಳಲ್ಲಿ. ಲೋಳೆ, ರಕ್ತ, ಕೀವು ಕಳೆದು 20 ಮಿ.ಮೀ. ವೃತ್ತದಲ್ಲಿ ಕೋಶಗಳು ಒಂದೇ ಪದರಕ್ಕೆ ಬರುತ್ತವೆ (ಶೂರ್‌ಪಾತ್ ಎಂಬ ಇನ್ನೊಂದು ಎಲ್‌ಬಿಸಿಯಲ್ಲಿ ವೃತ್ತ 13 ಮಿ.ಮೀ.). ಬ್ರಶ್ಶನ್ನು ಗಾಜಿನ ಮೇಲೆ ಉಜ್ಜಿದಾಗ ಆಗುವ ಎಳೆತ ಮತ್ತು ಒಣಗುವಿಕೆ ಎರಡೂ ತಪ್ಪುತ್ತವೆ. ತುದಿಯನ್ನು ಕತ್ತರಿಸಿ ದ್ರಾವಣಕ್ಕೆ ಹಾಕಿ ವೋರ್ಟೆಕ್ಸ್ ಮಾಡಿದರೆ ಸಾಕು. ವಾಶ್‌ಗಾದರೆ ಸೈಟೋಲೈಟ್ (ರಕ್ತ, ಲೋಳೆ ಕರಗಿಸುವ ದ್ರಾವಣ) 30 ಮಿ.ಲೀ. ಸೇರಿಸಿ, 600 ಜಿಯಲ್ಲಿ 10 ನಿಮಿಷ ಸ್ಪಿನ್ ಮಾಡಿ, ಮೇಲಿನ ನೀರು ಚೆಲ್ಲಿ. ಪೆಲೆಟ್ (ತಳದಲ್ಲಿ ಕೂತ ಗಷ್ಟು) ಇನ್ನೂ ಕೆಂಪಗಿದ್ದರೆ ಅಥವಾ ಅಂಟಂಟಾಗಿದ್ದರೆ ಸೈಟೋಲೈಟ್ ವಾಶ್ ಇನ್ನೊಮ್ಮೆ ಮಾಡಿ. ಆಮೇಲೆ ಎರಡು ಹನಿ ಪೆಲೆಟ್ಟನ್ನು ಪ್ರಿಸರ್ವ್‌ಸೈಟ್ (ಥಿನ್‌ಪ್ರೆಪ್‌ನ ದ್ರಾವಣ) ವಯಲ್‌ಗೆ ಹಾಕಿ, 15 ನಿಮಿಷ ಬಿಟ್ಟು ಮೆಷಿನ್‌ಗೆ ಕೊಡಿ. ಒಂದು ಎಚ್ಚರಿಕೆ: ಪ್ಯಾಪ್‌ಗೆ ಬಳಸುವ ಬಿಳಿ ಫಿಲ್ಟರ್ ಇಲ್ಲಿ ಸಲ್ಲದು, ನಾನ್-ಗೈನಿಕ್ (ಗರ್ಭಕಂಠದ್ದಲ್ಲದ) ಸ್ಯಾಂಪಲ್‌ಗೆ ನೀಲಿ ಫಿಲ್ಟರ್ ಬೇಕು. ಪ್ಯಾಪ್‌ಗೆಂದೇ ತಂದ ಮೆಷಿನ್ ಇರುವ ಕಡೆ ಸ್ಟಾಕ್‌ನಲ್ಲಿ ಬಿಳಿಯದಷ್ಟೇ ಇರುತ್ತದೆ.

ಇನ್ನು ಸ್ಮಾಲ್ ಸೆಲ್ ವಿಷಯ. ಗುರುತು ತಪ್ಪುತ್ತದೆ ಅನ್ನುವುದಕ್ಕಿಂತ, ನಾವು ಯಾವ ಲಕ್ಷಣಗಳನ್ನು ನೆಚ್ಚಿಕೊಂಡಿದ್ದೇವೋ ಅವೇ ಮಾಯವಾಗುತ್ತವೆ. ಸ್ಮಿಯರ್‌ನಲ್ಲಿ ನ್ಯೂಕ್ಲಿಯಸ್‌ಗಳು ಒಂದಕ್ಕೊಂದು ಒತ್ತಿಕೊಂಡಿರುತ್ತವೆ, ಕ್ರೋಮಾಟಿನ್ ದಾರದಂತೆ ಎಳೆದಿರುತ್ತದೆ, ಹಿಂದೆ ನೆಕ್ರೋಸಿಸ್ (ಸತ್ತ ಕೋಶಗಳ) ಕೊಳಕು ಹರಡಿರುತ್ತದೆ. ಎಲ್‌ಬಿಸಿಯಲ್ಲಿ ಆ ಕ್ರಶ್ ಎಳೆಗಳು ಹೋಗುತ್ತವೆ. ಕೋಶಗಳು ಬಿಡಿಬಿಡಿಯಾಗಿ, ಇನ್ನೂ ಚಿಕ್ಕದಾಗಿ ಕಾಣುತ್ತವೆ. ಕೊಳಕು ಗುಂಪುಗಳ ಅಂಚಿಗಷ್ಟೇ ಅಂಟಿಕೊಂಡಿರುತ್ತದೆ. ಕೆಲವೊಮ್ಮೆ ಸಣ್ಣ ನ್ಯೂಕ್ಲಿಯೋಲಸ್ ಕೂಡ ಎದ್ದು ಕಂಡು ದಾರಿ ತಪ್ಪಿಸುತ್ತದೆ. ಲಿಂಫೋಸೈಟ್‌ಗಳು ಇದಕ್ಕೆ ತದ್ವಿರುದ್ಧ, ಬಿಡಿಯಾಗಿರುವ ಬದಲು ಗುಂಪುಗೂಡಿ ಕಾರ್ಸಿನೋಮದ ವೇಷ ಹಾಕುತ್ತವೆ. ಹೀಗಾಗಿ ಸ್ಮಾಲ್ ಸೆಲ್, ಲಿಂಫೋಮ, ರಿಸರ್ವ್ ಸೆಲ್ ಹೈಪರ್‌ಪ್ಲೇಸಿಯಾ (ಕ್ಯಾನ್ಸರ್ ಅಲ್ಲದ ಕೋಶವೃದ್ಧಿ), ಈ ಮೂರರ ನಡುವಿನ ಗೆರೆ ಎಲ್‌ಬಿಸಿಯಲ್ಲಿ ತೆಳುವಾಗುತ್ತದೆ. ಗಾಳಿಯಲ್ಲಿ ಒಣಗಿಸಿದ ಒಂದು ಗೀಮ್ಸಾ ಸ್ಮಿಯರ್ ಪಕ್ಕದಲ್ಲಿದ್ದರೆ ಈ ಗೊಂದಲದಲ್ಲಿ ಮುಕ್ಕಾಲು ಭಾಗ ಅಲ್ಲೇ ಬಗೆಹರಿಯುತ್ತದೆ. ನ್ಯೂಕ್ಲಿಯಸ್ ಪಕ್ಕದ ನೀಲಿ ಗುಳಿಗೆಗಳು ಕಾಣುವುದೂ ಅದರಲ್ಲೇ.

ಇನ್ನೊಂದು ಮಾತು: ಟಿಟಿಎಫ್-1 (ಐಎಚ್‌ಸಿ, ಅಂದರೆ ಪ್ರತಿಕಾಯ ಬಳಸಿ ಮಾಡುವ ಒಂದು ಸ್ಟೇನ್) ಪಾಸಿಟಿವ್ ಬಂದ ತಕ್ಷಣ ಅಡಿನೋಕಾರ್ಸಿನೋಮ ಎಂದು ಬರೆಯಬೇಡಿ. ಸ್ಮಾಲ್ ಸೆಲ್‌ನಲ್ಲೂ ಬಹುಪಾಲು ಅದು ಪಾಸಿಟಿವ್.

ಮೈಕ್ರೋಟೋಮ್4

ಸೆಲ್ ಬ್ಲಾಕ್ ಭಾಗ ನಾನು ಹೇಳುತ್ತೇನೆ. ಬ್ಲಾಕ್ ಖಾಲಿ ಬಂದರೆ ಎಲ್ಲರೂ ಲ್ಯಾಬಿನ ಕಡೆ ಬೆರಳು ತೋರಿಸುತ್ತಾರೆ. ಸೂಜಿ ಹೊರಬಂದ ಮೊದಲ ನಿಮಿಷದಲ್ಲಿ ಏನಾಯಿತು ಎಂಬುದನ್ನು ಮೊದಲು ನೋಡಿ. ಒಳ್ಳೆಯ ಹನಿಯೆಲ್ಲ ಆರೇಳು ಸ್ಲೈಡ್‌ಗೆ ಹೋಗಿ, ಬ್ಲಾಕ್‌ಗೆ ಸೂಜಿ ತೊಳೆದ ನೀರು ಮಾತ್ರ ಬಂದಿದ್ದರೆ ಥ್ರಾಂಬಿನ್ ಹಾಕಿದರೂ ಅಷ್ಟೇ, ಅಗಾರ್ ಹಾಕಿದರೂ ಅಷ್ಟೇ. ಪಾಸ್ ಒಂದಕ್ಕೆ ಎರಡು ಸ್ಲೈಡ್ ಸಾಕು: ಒಂದು ಒಣಗಿಸಿ ಗೀಮ್ಸಾಗೆ, ಒಂದು ತಕ್ಷಣ 95% ಆಲ್ಕೋಹಾಲ್‌ಗೆ. ಎರಡನೆಯದು ಕೆಲವೇ ಸೆಕೆಂಡಿನಲ್ಲಿ ಮುಳುಗಬೇಕು, ಕನಿಷ್ಠ 15 ನಿಮಿಷ ಅಲ್ಲೇ ಇರಬೇಕು. ತಡವಾದರೆ ನ್ಯೂಕ್ಲಿಯಸ್ ಉಬ್ಬಿ ಕ್ರೋಮಾಟಿನ್ ಮಸುಕಾಗುತ್ತದೆ, ಪ್ಯಾಪ್ ಸ್ಟೇನ್‌ನಲ್ಲಿ ಕಿತ್ತಳೆ ಛಾಯೆ ಕಂಡು ಸ್ಕ್ವೇಮಸ್ ಎಂದು ಮೋಸಹೋಗುತ್ತೀರಿ. ಅಕಸ್ಮಾತ್ ಒಣಗಿಹೋದರೆ ನಾರ್ಮಲ್ ಸಲೈನ್‌ನಲ್ಲಿ 30 ಸೆಕೆಂಡ್ ಅದ್ದಿ, ಆಮೇಲೆ ಆಲ್ಕೋಹಾಲ್‌ಗೆ ಹಾಕಿ. ಇದು ಅರ್ಧ ಗಂಟೆಯೊಳಗೆ ಮಾಡಿದರೆ ಕೆಲಸ ಮಾಡುತ್ತದೆ, ರಕ್ತವೂ ಸ್ವಲ್ಪ ಕರಗುತ್ತದೆ.

ಪ್ಲಾಸ್ಮಾ-ಥ್ರಾಂಬಿನ್ ಹೀಗೆ. ಸೂಜಿಯನ್ನು 5ರಿಂದ 10 ಮಿ.ಲೀ. ಸಲೈನ್ ಅಥವಾ ಆರ್‌ಪಿಎಂಐನಲ್ಲಿ (ಕೋಶಗಳನ್ನು ಕೆಡದಂತೆ ಇಡುವ ದ್ರಾವಣ) ತೊಳೆದ ದ್ರವವನ್ನು ಕೋನಾಕಾರದ ಟ್ಯೂಬಿನಲ್ಲಿ 600 ಜಿಯಲ್ಲಿ 10 ನಿಮಿಷ ತಿರುಗಿಸಿ. ಮೇಲಿನ ನೀರನ್ನು ಪೂರ್ತಿ ಬಸಿಯಿರಿ, ಟ್ಯೂಬನ್ನು ಬೋರಲು ಹಾಕಿ ಟಿಶ್ಯೂ ಮೇಲೆ ಒರಗಿಸಿದರೆ ಉಳಿದ ಹನಿಯೂ ಇಳಿಯುತ್ತದೆ. ಪೆಲೆಟ್‌ಗೆ 3-4 ಹನಿ ಪ್ಲಾಸ್ಮಾ ಹಾಕಿ ಬೆರಳಿನಿಂದ ಟ್ಯೂಬ್ ತಟ್ಟಿ ಬೆರೆಸಿ, ಅಷ್ಟೇ ಹನಿ ಥ್ರಾಂಬಿನ್ ಸೇರಿಸಿ. ಒಂದೆರಡು ನಿಮಿಷದಲ್ಲಿ ಜೆಲ್ಲಿಯಂತಾಗುತ್ತದೆ. ಅದನ್ನು ಜಾರಿಸಿ ಲೆನ್ಸ್ ಪೇಪರ್‌ನಲ್ಲಿ ಮಡಚಿ ಕ್ಯಾಸೆಟ್‌ಗಿಟ್ಟು 10% ಬಫರ್ಡ್ ಫಾರ್ಮಲಿನ್‌ಗೆ ಹಾಕಿ. ಫಾರ್ಮಲಿನ್‌ನಲ್ಲಿ ಕನಿಷ್ಠ 6 ಗಂಟೆ, ಹೆಚ್ಚೆಂದರೆ 48 ಗಂಟೆ. ಕ್ಯಾಸೆಟ್‌ಗೆ ಸ್ಪಂಜ್ ಬೇಡ, ಅದರ ತ್ರಿಕೋನ ಗುರುತು ಸಣ್ಣ ಸ್ಯಾಂಪಲ್‌ನಲ್ಲಿ ತೂತುಗಳಾಗಿ ಕಾಣುತ್ತದೆ.

ಕ್ಲಾಟ್ ಆಗಲಿಲ್ಲವೆಂದರೆ ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು. ದ್ರವ ಮೊದಲೇ ಫಾರ್ಮಲಿನ್ ಅಥವಾ ಸೈಟೋಲೈಟ್‌ನಲ್ಲಿ ಬಂದಿದೆ, ಅದರ ಉಳಿಕೆ ಥ್ರಾಂಬಿನ್ನನ್ನು ಕೆಡಿಸಿದೆ. ಇಲ್ಲವೇ ಟ್ಯೂಬಿನಲ್ಲಿ ಹೆಪಾರಿನ್ ಇದೆ. ಮೊದಲನೆಯದಕ್ಕೆ ಪೆಲೆಟ್ಟನ್ನು ಸಲೈನ್‌ನಲ್ಲಿ ಎರಡು ಸಲ ತೊಳೆಯಿರಿ. ಥ್ರಾಂಬಿನ್ ದುಬಾರಿ ಎನಿಸಿದರೆ ಪ್ರೋಥ್ರಾಂಬಿನ್ ಟೈಮ್ ಟೆಸ್ಟಿಗೆ ಬಳಸುವ ಕ್ಯಾಲ್ಸಿಯಂ ಇರುವ ಥ್ರಾಂಬೋಪ್ಲಾಸ್ಟಿನ್ ರೀಏಜೆಂಟ್ ಕೂಡ ನಡೆಯುತ್ತದೆ, 37 ಡಿಗ್ರಿಯಲ್ಲಿಟ್ಟು ಬಳಸಿ. ಆದರೆ ಅದಕ್ಕೆ ಸಿಟ್ರೇಟ್ ಪ್ಲಾಸ್ಮಾ ಬೇಕು. ಇಡಿಟಿಎ ಪ್ಲಾಸ್ಮಾ ಕ್ಯಾಲ್ಸಿಯಮ್ಮನ್ನು ಹಿಡಿದುಕೊಂಡುಬಿಡುತ್ತದೆ.

ಅಗಾರ್ ಅಗ್ಗ, ಆದರೆ ಅದಕ್ಕೆ ಮೊದಲು ಪೆಲೆಟ್ ಫಾರ್ಮಲಿನ್‌ನಲ್ಲಿ ಫಿಕ್ಸ್ ಆಗಿರಬೇಕು. 2% ಅಗಾರ್ ಕರಗಿಸಿ, 50 ಡಿಗ್ರಿ ಆಸುಪಾಸಿಗೆ ಇಳಿದ ಮೇಲೆ ಹಾಕಿ. ಕುದಿಯುವಾಗಲೇ ಹಾಕಿದರೆ ಕೋಶಗಳು ಬೆಂದೇಹೋಗುತ್ತವೆ, ತೀರಾ ತಣ್ಣಗಾದರೆ ಪೆಲೆಟ್ ಜೊತೆ ಬೆರೆಯದೆ ಮೇಲೆಯೇ ಗಟ್ಟಿಯಾಗುತ್ತದೆ. ನನ್ನ ಆಯ್ಕೆ ಕೇಳಿದರೆ: ಕೋಶ ಕಡಿಮೆ ಇರುವ ಈಬಸ್‌ಗೆ ಪ್ಲಾಸ್ಮಾ-ಥ್ರಾಂಬಿನ್, ಮೊದಲೇ ಫಾರ್ಮಲಿನ್‌ನಲ್ಲಿ ಬಂದದ್ದಕ್ಕೆ ಅಗಾರ್ ಅಥವಾ ಹಿಸ್ಟೋಜೆಲ್ ಎಂಬ ಸಿದ್ಧ ಜೆಲ್.

ಬ್ಲಾಕ್ ಮಾಡುವಾಗ ಒಂದು ಹನಿ ಇಯೋಸಿನ್ ಹಾಕಿಡಿ. ಇಲ್ಲವಾದರೆ ಎಂಬೆಡ್ ಮಾಡುವವರಿಗೆ ಮೇಣದಲ್ಲಿ ಆ ಚೂರು ಎಲ್ಲಿದೆ, ಯಾವ ಮುಖ ಕೆಳಗಿದೆ ಎಂದೇ ತಿಳಿಯುವುದಿಲ್ಲ. ಕೋಶಗಳು ಕೂತಿರುವ ಮುಖ ಬ್ಲೇಡ್ ಕಡೆಗೆ ಬರಬೇಕು. ಕೊನೆಯದಾಗಿ, ಸಾಮಗ್ರಿ ಅತಿ ಹೆಚ್ಚು ಪೋಲಾಗುವ ಜಾಗ ಮೈಕ್ರೋಟೋಮ್ (ಬ್ಲಾಕ್ ಕತ್ತರಿಸುವ ಯಂತ್ರ). ಎಚ್ ಅಂಡ್ ಇ (ಮಾಮೂಲಿ ಸ್ಟೇನ್) ನೋಡಿ, ಬ್ಲಾಕ್ ತೆಗೆದಿಟ್ಟು, ಮೂರು ದಿನದ ನಂತರ ಐಎಚ್‌ಸಿಗೆಂದು ಮತ್ತೆ ಹಾಕಿ ಮುಖ ಸಮ ಮಾಡುವಾಗ ಇದ್ದಬದ್ದ ಕೋಶವೆಲ್ಲ ಕಸಕ್ಕೆ ಹೋಗುತ್ತದೆ. ಶ್ವಾಸಕೋಶದ ಬ್ಲಾಕ್ ಎಂದರೆ ಮೊದಲ ಸಲವೇ 4 ಮೈಕ್ರಾನ್‌ನ ಒಂದು ಎಚ್ ಅಂಡ್ ಇ, ಅದರ ಹಿಂದೆಯೇ 10-12 ಸ್ಟೇನ್ ಮಾಡದ ಸೆಕ್ಷನ್ ಕೋಟೆಡ್ ಸ್ಲೈಡ್ ಮೇಲೆ ಎತ್ತಿ, ಕೊನೆಗೆ ಮತ್ತೊಂದು ಎಚ್ ಅಂಡ್ ಇ. ಕ್ರಮಸಂಖ್ಯೆ ಪೆನ್ಸಿಲ್‌ನಲ್ಲಿ ಬರೆದಿಡಿ.

ಸ್ಲೈಡ್‌ಟ್ರೇ

ತುಂಬಾ ಉಪಕಾರವಾಯಿತು. ಸೂಜಿಯನ್ನು ನೇರ ಫಾರ್ಮಲಿನ್‌ಗೇ ತೊಳೆಸುವುದು ಒಳ್ಳೆಯದೋ, ಸಲೈನೋ? ಬ್ರಾಂಕೋಸ್ಕೋಪಿ ಮಧ್ಯಾಹ್ನ ನಡೆದು ಸ್ಯಾಂಪಲ್ ನಮ್ಮ ಕೈಗೆ ಸಂಜೆ ಐದಕ್ಕೆ ಬರುತ್ತದೆ. ಇನ್ನೊಂದು: ಪಾಸ್‌ನಲ್ಲಿ ಹುಳುವಿನಾಕಾರದ ಗಟ್ಟಿ ಕ್ಲಾಟ್ ಬರುತ್ತದಲ್ಲ, ಅದನ್ನು ಒಡೆದು ಸ್ಮಿಯರ್ ಎಳೆಯಬೇಕೆ?

ಕಾನ್ವೆಕ್ಸ್‌ಪ್ರೋಬ್

ಸ್ಕೋಪ್ ಹಿಡಿಯುವ ಕಡೆಯಿಂದ ಉತ್ತರ. ಆ ಕ್ಲಾಟನ್ನು ಒಡೆಯಬೇಡಿ, ಅದೇ ನಿಮ್ಮ ಬ್ಲಾಕ್. ಸ್ಟೈಲೆಟ್ಟನ್ನು (ಸೂಜಿಯೊಳಗಿನ ತಂತಿ) ನಿಧಾನವಾಗಿ ತಳ್ಳುತ್ತ ಸೂಜಿಯ ತುದಿಯನ್ನು ಫಿಲ್ಟರ್ ಪೇಪರ್ ಮೇಲೆ ಸುತ್ತಿಸಿ, ಸಾಮಗ್ರಿ ಒಂದೇ ಜಾಗದಲ್ಲಿ ಗುಪ್ಪೆಯಾಗಿ ಬೀಳಲಿ. ಕೆಲವು ನಿಮಿಷ ಬಿಟ್ಟರೆ ರೋಗಿಯ ರಕ್ತವೇ ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತದೆ. ಒಣಗುವ ಮೊದಲೇ ಎತ್ತಿ ಫಾರ್ಮಲಿನ್‌ಗೆ ಹಾಕಿ. ಇದಕ್ಕೆ ಥ್ರಾಂಬಿನ್, ಪ್ಲಾಸ್ಮಾ, ಸೆಂಟ್ರಿಫ್ಯೂಜ್ ಏನೂ ಬೇಡ. ಸಿರಿಂಜಿನ ಗಾಳಿಯಲ್ಲಿ ಜೋರಾಗಿ ಊದಿದರೆ ಎಲ್ಲ ಸಿಡಿದು ಚದುರುತ್ತದೆ. ಕ್ಷಯದ ರೋಗಿಯಾಗಿದ್ದರೆ ಏರೋಸಾಲ್ ಅಪಾಯ ಬೇರೆ.

ತೊಳೆಯಲು ಯಾವ ದ್ರವ ಎಂಬುದು ಸಮಯದ ಮೇಲೆ ನಿಂತಿದೆ. ಲ್ಯಾಬಿಗೆ ಒಂದೆರಡು ಗಂಟೆಯಲ್ಲಿ ತಲುಪುತ್ತದೆ ಎಂದಾದರೆ ಸಲೈನ್, 4 ಡಿಗ್ರಿಯಲ್ಲಿ. ಲಿಂಫೋಮ ಅನುಮಾನವಿದ್ದು ಫ್ಲೋ ಸೈಟೋಮೆಟ್ರಿ ಬೇಕೆನಿಸಿದರೆ ಆರ್‌ಪಿಎಂಐ. ನಿಮ್ಮಂತೆ ಸಂಜೆ ತಲುಪಿ ಮಾರನೇ ದಿನ ಕೈಗೆತ್ತಿಕೊಳ್ಳುವುದಾದರೆ ಫಾರ್ಮಲಿನ್ನೇ ಸುರಕ್ಷಿತ. ಸಲೈನ್‌ನಲ್ಲಿ ರಾತ್ರಿಯಿಡೀ ಕೂತ ಕೋಶಗಳು ಐಎಚ್‌ಸಿಗೂ ಬರುವುದಿಲ್ಲ, ಕಣ್ಣಿಗೂ ಬರುವುದಿಲ್ಲ.

ಆದರೆ ಸ್ಥಳದಲ್ಲೇ ಟ್ಯೂಮರ್ ಎಂದು ಗೊತ್ತಾಗದಿದ್ದರೆ ಒಂದು ಪಾಸ್ ಮಾತ್ರ ಯಾವ ಫಿಕ್ಸೇಟಿವ್ ಇಲ್ಲದೆ ಬರೀ ಸಲೈನ್‌ನಲ್ಲಿ ಇರಲೇಬೇಕು. ನಮ್ಮ ನಾಡಿನಲ್ಲಿ ಎದೆಯ ನಡುವೆ ದಪ್ಪಗಾದ ನೋಡ್ ಎಂದರೆ ಕ್ಯಾನ್ಸರ್ ಇರಬಹುದು, ಕ್ಷಯವೂ ಇರಬಹುದು. ಜೀನ್‌ಎಕ್ಸ್‌ಪರ್ಟ್ ಮತ್ತು ಕಲ್ಚರ್ ಎರಡಕ್ಕೂ ತಾಜಾ ಸ್ಯಾಂಪಲ್ ಬೇಕು. ಫಾರ್ಮಲಿನ್ ಅಥವಾ ಆಲ್ಕೋಹಾಲ್ ಮುಟ್ಟಿದ ಮೇಲೆ ಕಲ್ಚರ್‌ನಲ್ಲಿ ಏನೂ ಬೆಳೆಯುವುದಿಲ್ಲ. ಗ್ರ್ಯಾನ್ಯುಲೋಮ (ಕ್ಷಯದಂಥ ರೋಗದಲ್ಲಿ ಕಾಣುವ ಉರಿಯೂತದ ಗಂಟು) ಕಂಡ ಮಾತ್ರಕ್ಕೆ ಕ್ಯಾನ್ಸರ್ ಇಲ್ಲ ಎಂದು ಬರೆಯಲೂ ಬಾರದು. ಟ್ಯೂಮರ್ ಇರುವ ಜಾಗದಿಂದ ಲಿಂಫ್ ಹರಿದುಬರುವ ನೋಡ್‌ಗಳಲ್ಲಿ ಸಾರ್ಕಾಯ್ಡ್ ಥರದ ಗ್ರ್ಯಾನ್ಯುಲೋಮ ಆಗುವುದುಂಟು.

ಪಾಸ್‌ಗಳ ಲೆಕ್ಕ: ಪಕ್ಕದಲ್ಲೇ ಸ್ಲೈಡ್ ನೋಡಿ ಹೇಳುವವರು ಇಲ್ಲದಿದ್ದರೆ ಒಂದು ನೋಡ್‌ಗೆ ಕನಿಷ್ಠ ಮೂರು ಪಾಸ್ ಎಂದು ಅಮೆರಿಕದ ಎದೆರೋಗ ವೈದ್ಯರ ಕಾಲೇಜಿನ 2016ರ ಮಾರ್ಗಸೂಚಿ ಹೇಳುತ್ತದೆ. ಮಾಲಿಕ್ಯುಲರ್ ಟೆಸ್ಟ್‌ಗೆ ಅದರ ಮೇಲೆ ಇನ್ನಷ್ಟು ತೆಗೆಯಬೇಕು. ನಾವು ಒಪ್ಪಿಕೊಂಡಿರುವ ಹಂಚಿಕೆ ಹೀಗಿದೆ: ಮೊದಲ ಪಾಸ್‌ನಿಂದ ಎರಡು ಸ್ಲೈಡ್, ಉಳಿದದ್ದು ಬ್ಲಾಕ್‌ಗೆ. ಆ ಸ್ಲೈಡ್‌ನಲ್ಲಿ ಟ್ಯೂಮರ್ ಕಂಡರೆ ಮುಂದಿನವೆಲ್ಲ ಸ್ಲೈಡ್ ಮಾಡದೆ ಪೂರ್ತಿ ಬ್ಲಾಕ್‌ಗೇ. ಗ್ರ್ಯಾನ್ಯುಲೋಮ ಅಥವಾ ನೆಕ್ರೋಸಿಸ್ ಕಂಡರೆ ಮುಂದಿನದು ಸಲೈನ್‌ಗೆ. ಸ್ಥಳದಲ್ಲೇ ಸ್ಲೈಡ್ ನೋಡುವ ವ್ಯವಸ್ಥೆ ಇಲ್ಲದ ಕಡೆ ಕಾಯದೆ ಒಂದು ಪಾಸ್ ಸಲೈನ್‌ಗೆ ಎತ್ತಿಟ್ಟುಬಿಡಿ.

ಸಕ್ಷನ್ ಬಗ್ಗೆಯೂ ಒಂದು ಮಾತು. ರಕ್ತ ಸುರಿಯುವ ನೋಡ್‌ನಲ್ಲಿ ಸಿರಿಂಜಿನ ಎಳೆತ ಪೂರ್ತಿ ಬಿಟ್ಟು ಬರೀ ಸೂಜಿ ಆಡಿಸಿ ನೋಡಿ. ಬ್ಲಾಕ್‌ನಲ್ಲಿ ಕಾಣುವ ರಕ್ತದ ಗುಡ್ಡೆ ಅರ್ಧಕ್ಕರ್ಧ ಅಲ್ಲೇ ತಪ್ಪಬಹುದು.

ಮೈಕ್ರೋಟೋಮ್4

ಫಾರ್ಮಲಿನ್ ವಿಷಯದಲ್ಲಿ ನಾನು ಪೂರ್ತಿ ಒಪ್ಪುವುದಿಲ್ಲ, ಡಾಕ್ಟ್ರೇ. ಕೋಶ ಕಡಿಮೆ ಇರುವ ತೊಳೆನೀರು ನೇರ ಫಾರ್ಮಲಿನ್‌ಗೆ ಬಿದ್ದರೆ ಕೋಶಗಳು ಟ್ಯೂಬಿನ ಗೋಡೆಗೆ ಅಂಟುತ್ತವೆ, ರಕ್ತ ಸಣ್ಣ ಸಣ್ಣ ಕಾಳುಗಳಾಗಿ ಗಟ್ಟಿಯಾಗುತ್ತದೆ, ಆಮೇಲೆ ಅದನ್ನು ಕರಗಿಸಲೂ ಆಗುವುದಿಲ್ಲ. ಗಟ್ಟಿ ಕ್ಲಾಟ್‌ಗೆ ಫಾರ್ಮಲಿನ್, ತೊಳೆನೀರಿಗೆ ಆರ್‌ಪಿಎಂಐ ಎಂದು ಎರಡು ಪಾತ್ರೆ ಇಟ್ಟರೆ ಎರಡೂ ಉಳಿಯುತ್ತವೆ. ಆರ್‌ಪಿಎಂಐ ಫ್ರಿಜ್‌ನಲ್ಲಿದ್ದರೆ ಮಾರನೇ ಬೆಳಿಗ್ಗೆಯವರೆಗೆ ತಡೆಯುತ್ತದೆ. ರಕ್ತ ಜಾಸ್ತಿ ಇದ್ದರೆ ಸ್ಪಿನ್ ಆದ ಮೇಲೆ ಕೆಂಪು ಪದರದ ಮೇಲೆ ಕೂತ ಬಿಳಿ ಪದರವನ್ನಷ್ಟೇ ಪಿಪೆಟ್‌ನಿಂದ ಎತ್ತಿ ಬ್ಲಾಕ್ ಮಾಡಿ. ಟ್ಯೂಮರ್ ಕೋಶಗಳು ಕೂರುವುದು ಅಲ್ಲಿಯೇ. ಅಡಿಯಿಂದ ಎತ್ತಿದರೆ ನೀವು ಹೇಳಿದ ಹಾಗೆ ಬರೀ ರಕ್ತ ಬರುತ್ತದೆ. ಸ್ಲೈಡ್‌ಟ್ರೇ ಅವರೇ, ನಿಮ್ಮ ಖಾಲಿ ಬ್ಲಾಕ್‌ಗಳಿಗೆ ಇದೇ ಕಾರಣ ಇರಬಹುದು, ಪರೀಕ್ಷಿಸಿ ನೋಡಿ.

ಕಾನ್ವೆಕ್ಸ್‌ಪ್ರೋಬ್

ಎರಡು ಪಾತ್ರೆಯ ಕ್ರಮ ಸರಿಯಾಗಿದೆ, ಒಪ್ಪಿದೆ. ಫ್ರಿಜ್ ಇದ್ದು, ಬೆಳಿಗ್ಗೆ ಮೊದಲ ಕೆಲಸವಾಗಿ ಎತ್ತಿಕೊಳ್ಳುವವರು ಇದ್ದರೆ ಹಾಗೆಯೇ ಮಾಡಲಿ. ಶನಿವಾರ ಸಂಜೆಯ ಸ್ಯಾಂಪಲ್‌ಗೆ ಮಾತ್ರ ಫಾರ್ಮಲಿನ್ ಬಿಟ್ಟು ಬೇರೆ ದಾರಿ ನನಗೆ ಕಾಣುವುದಿಲ್ಲ.

ಎಕ್ಸಾನ್19

ಮಾಲಿಕ್ಯುಲರ್ ಬೆಂಚಿನಿಂದ. ಬ್ಲಾಕ್ ಖಾಲಿ ಬಂತೆಂದು ರೋಗಿಯನ್ನು ಮತ್ತೆ ಬ್ರಾಂಕೋಸ್ಕೋಪಿಗೆ ಕಳಿಸುವ ಮೊದಲು ಆ ಸ್ಮಿಯರ್‌ಗಳನ್ನು ನಮಗೆ ಕೊಡಿ. ಶ್ವಾಸಕೋಶದ ಕ್ಯಾನ್ಸರ್‌ನ ಮಾಲಿಕ್ಯುಲರ್ ಟೆಸ್ಟ್ ಕುರಿತ 2013ರ ಅಂತರರಾಷ್ಟ್ರೀಯ ಮಾರ್ಗಸೂಚಿ ಸ್ಮಿಯರ್‌ಗಿಂತ ಸೆಲ್ ಬ್ಲಾಕ್‌ಗೇ ಒಲವು ತೋರಿತ್ತು. 2018ರ ಪರಿಷ್ಕರಣೆಯಲ್ಲಿ ಬ್ಲಾಕ್ ಆದರೂ ಸರಿ, ಇತರ ಸೈಟಾಲಜಿ ಸ್ಲೈಡ್ ಆದರೂ ಸರಿ ಎಂದು ಬಂದಿದೆ. ಸ್ಮಿಯರ್‌ನ ಡಿಎನ್‌ಎ ಫಾರ್ಮಲಿನ್ ಮುಟ್ಟದ್ದು, ಹಾಗಾಗಿ ತುಂಡಾಗಿರುವುದು ಕಡಿಮೆ. ಗೀಮ್ಸಾ ಸ್ಲೈಡ್‌ನಿಂದ ಇಜಿಎಫ್‌ಆರ್ ಚೆನ್ನಾಗಿಯೇ ಬರುತ್ತದೆ. ಎಎಲ್‌ಕೆ ಫಿಶ್‌ಗಂತೂ (ಜೀನಿಗೆ ಹೊಳೆಯುವ ಗುರುತು ಅಂಟಿಸಿ ನೋಡುವ ಟೆಸ್ಟ್) ಸ್ಮಿಯರ್ ಇನ್ನೂ ಅನುಕೂಲ: ಬ್ಲಾಕ್‌ನ 4 ಮೈಕ್ರಾನ್ ಸೆಕ್ಷನ್‌ನಲ್ಲಿ ನ್ಯೂಕ್ಲಿಯಸ್ ಅರ್ಧ ಕತ್ತರಿಸಿ ಸಿಗ್ನಲ್ ಕಳೆದುಹೋಗುತ್ತದೆ, ಸ್ಮಿಯರ್‌ನಲ್ಲಿ ಇಡೀ ನ್ಯೂಕ್ಲಿಯಸ್ ಸಿಗುತ್ತದೆ. ಕನಿಷ್ಠ 50 ಟ್ಯೂಮರ್ ನ್ಯೂಕ್ಲಿಯಸ್ ಎಣಿಸಬೇಕು, 15% ಮತ್ತು ಅದಕ್ಕಿಂತ ಹೆಚ್ಚಿದ್ದರೆ ಪಾಸಿಟಿವ್.

ಸ್ಮಿಯರ್ ಕಳಿಸುವ ಮೊದಲು ಮೂರು ಕೆಲಸ ಆಗಲಿ. ಸ್ಲೈಡ್‌ನ ಫೋಟೋ ತೆಗೆದಿಟ್ಟುಕೊಳ್ಳಿ, ಕೆರೆದ ಮೇಲೆ ಅದು ಹೋಯಿತೆಂದೇ ಅರ್ಥ. ಡಯಾಗ್ನೋಸಿಸ್‌ಗೆ ಇರುವ ಒಂದೇ ಒಂದು ಸ್ಲೈಡ್ ಆಗಿದ್ದರೆ ಕೊಡಬೇಡಿ. ಪೆಥಾಲಜಿಸ್ಟ್ ಸ್ಲೈಡ್‌ನ ಹಿಂಬದಿಯಲ್ಲಿ ಟ್ಯೂಮರ್ ಇರುವ ಜಾಗಕ್ಕೆ ಗುರುತು ಹಾಕಿ ಶೇಕಡಾವಾರು ಬರೆಯಲಿ. ಲಿಂಫ್ ನೋಡ್ ಸ್ಯಾಂಪಲ್‌ನಲ್ಲಿ ಇದು ಮುಖ್ಯ: ಟ್ಯೂಮರ್ ಕೋಶ ಎಷ್ಟೇ ಇದ್ದರೂ ಸುತ್ತಲಿನ ಲಿಂಫೋಸೈಟ್‌ಗಳು ಅದನ್ನು ಮುಳುಗಿಸುತ್ತವೆ. ಸ್ಯಾಂಗರ್ ಸೀಕ್ವೆನ್ಸಿಂಗ್‌ಗೆ 50% ಟ್ಯೂಮರ್ ಬೇಕಿತ್ತು, ಎನ್‌ಜಿಎಸ್‌ಗೆ (ಹಲವು ಜೀನ್‌ಗಳನ್ನು ಒಟ್ಟಿಗೆ ಓದುವ ವಿಧಾನ) 20% ಇದ್ದರೆ ನೆಮ್ಮದಿ, ರಿಯಲ್-ಟೈಮ್ ಪಿಸಿಆರ್ ಅದಕ್ಕಿಂತ ಕಡಿಮೆಯಲ್ಲೂ ಹಿಡಿಯುತ್ತದೆ. ಕವರ್‌ಸ್ಲಿಪ್ ಬಿಡಿಸಲು ಕ್ಸೈಲೀನ್‌ನಲ್ಲಿ ಒಂದೆರಡು ದಿನ, ಹಳೆಯದಾದರೆ ಇನ್ನೂ ಜಾಸ್ತಿ ಬೇಕು. ಚಾಕುವಿನಿಂದ ಎಬ್ಬಿಸಿದರೆ ಕೋಶಗಳೂ ಜೊತೆಗೇ ಏಳುತ್ತವೆ.

ಸ್ಪಿನ್ ಮಾಡಿ ಚೆಲ್ಲುವ ಸೂಜಿ ತೊಳೆನೀರಿನ ಮೇಲ್ಭಾಗವನ್ನೂ ಚೆಲ್ಲಬೇಡಿ. ಸಲೈನ್‌ನದ್ದಾದರೆ ಅದರಲ್ಲಿ ಟ್ಯೂಮರ್‌ನಿಂದ ಬಿಟ್ಟ ಡಿಎನ್‌ಎ ಇರುತ್ತದೆ. ಫ್ರೀಜ್ ಮಾಡಿಟ್ಟರೆ ಇಜಿಎಫ್‌ಆರ್‌ಗೆ ಕೆಲಸಕ್ಕೆ ಬರುತ್ತದೆ.

ಪಿಡಿ-ಎಲ್1 ಮಾತ್ರ ಬೇರೆ ಕಥೆ. 22ಸಿ3, ಎಸ್‌ಪಿ263 ಮುಂತಾದ ಟೆಸ್ಟ್‌ಗಳನ್ನು ರೂಪಿಸಿದ್ದು ಫಾರ್ಮಲಿನ್‌ನಲ್ಲಿ ಫಿಕ್ಸ್ ಆದ ಬಯಾಪ್ಸಿ ಮೇಲೆ. ಫಾರ್ಮಲಿನ್ ಸೆಲ್ ಬ್ಲಾಕ್‌ನಲ್ಲಿ 100 ಜೀವಂತ ಟ್ಯೂಮರ್ ಕೋಶ ಇದ್ದರೆ ಓದಬಹುದು. ಸೈಟೋಲೈಟ್‌ನಲ್ಲಿ ಕೂತು ಬಂದ ಬ್ಲಾಕ್‌ನಲ್ಲಿ ನೆಗೆಟಿವ್ ಬಂದರೆ ಅದನ್ನು ನಂಬಲು ನಿಮ್ಮದೇ ವ್ಯಾಲಿಡೇಶನ್ ಕೈಯಲ್ಲಿರಬೇಕು. ಮ್ಯಾಕ್ರೋಫೇಜ್‌ಗಳೂ ಪಿಡಿ-ಎಲ್1 ಹಿಡಿಯುತ್ತವೆ. ಬ್ಲಾಕ್‌ನಲ್ಲಿ ಕೋಶಗಳು ಚದುರಿರುವಾಗ ಅವನ್ನೇ ಟ್ಯೂಮರ್ ಎಂದು ಎಣಿಸುವ ಅಪಾಯ ಇದೆ. ಹಾಗಾಗಿ ಟ್ಯೂಮರ್ ಸಾಕಷ್ಟಿದ್ದರೆ ಪಕ್ಕದ ಸೆಕ್ಷನ್‌ನಲ್ಲಿ ಟಿಟಿಎಫ್-1 ಅಥವಾ ಪಿ40 (ಸ್ಕ್ವೇಮಸ್ ಬಗೆಯನ್ನು ತೋರಿಸುವ ಐಎಚ್‌ಸಿ) ಇಟ್ಟುಕೊಂಡು ಓದಿ.

ಪ್ಲಾಸ್ಮಾ ಬಗ್ಗೆ ಮೈಕ್ರೋಟೋಮ್4 ಹೇಳಿದ್ದಕ್ಕೆ ಒಂದು ಸೇರ್ಪಡೆ. ಬ್ಲಡ್ ಬ್ಯಾಂಕ್‌ನಿಂದ ತಂದ ಅವಧಿ ಮೀರಿದ ಪ್ಲಾಸ್ಮಾದಲ್ಲಿ ದಾನಿಯ ಡಿಎನ್‌ಎ ಇರುತ್ತದೆ, ಉಳಿದ ಬಿಳಿ ರಕ್ತಕಣ ಇದ್ದರಂತೂ ಇನ್ನಷ್ಟು. ಥ್ರಾಂಬಿನ್ ಕೂಡ ಡಿಎನ್‌ಎ ಇಲ್ಲದ್ದು ಎಂದು ಊಹಿಸಿಕೊಳ್ಳಬೇಡಿ. ಪ್ಲಾಸ್ಮಾವನ್ನು ಇನ್ನೊಮ್ಮೆ ಸ್ಪಿನ್ ಮಾಡಿ, ಸಣ್ಣ ಸಣ್ಣ ಟ್ಯೂಬ್‌ಗೆ ಹಂಚಿ ಫ್ರೀಜ್ ಮಾಡಿಟ್ಟು, ಪ್ರತಿ ಹೊಸ ಲಾಟ್‌ಗೆ ರೋಗಿಯ ಕೋಶವಿಲ್ಲದ ಒಂದು ಬ್ಲಾಕ್ ಮಾಡಿ ನಮಗೆ ಕಳಿಸಿ. ಕೋಶ ಕಡಿಮೆ ಇರುವ ಬ್ಲಾಕ್‌ನಲ್ಲಿ ಈ ಹೊರಗಿನ ಡಿಎನ್‌ಎ ಸೇರಿಕೊಂಡರೆ ಮ್ಯುಟೇಶನ್ ಪ್ರಮಾಣ ಕೆಳಗಿಳಿದು ನಿಜವಾದ ಪಾಸಿಟಿವ್ ತಪ್ಪಿಹೋಗಬಹುದು.

ಮೇ-ಗ್ರುನ್ವಾಲ್ಡ್

ಐಎಚ್‌ಸಿ ಎಷ್ಟು ಹಾಕಬೇಕು ಎಂಬುದನ್ನೂ ಸೇರಿಸುತ್ತೇನೆ, ಬ್ಲಾಕ್ ಬರಿದಾಗುವುದು ಅಲ್ಲೂ ಹೌದು. ಎಚ್ ಅಂಡ್ ಇಯಲ್ಲಿ ಗ್ರಂಥಿ ಅಥವಾ ಕೆರಾಟಿನ್ ಸ್ಪಷ್ಟವಾಗಿದ್ದರೆ ಐಎಚ್‌ಸಿಯೇ ಬೇಡ. ಇಲ್ಲವಾದರೆ ಟಿಟಿಎಫ್-1 ಮತ್ತು ಪಿ40, ಎರಡೇ. ನ್ಯೂರೋಎಂಡೋಕ್ರೈನ್ ಎನಿಸಿದರೆ ಮಾತ್ರ ಸಿನಾಪ್ಟೋಫೈಸಿನ್ ಅಥವಾ ಐಎನ್‌ಎಸ್‌ಎಂ1 ಮತ್ತು ಕೆಐ-67 (ಎಷ್ಟು ಕೋಶಗಳು ವಿಭಜಿಸುತ್ತಿವೆ ಎಂದು ತೋರಿಸುವುದು). ಚೂರು ನಲುಗಿದ್ದಾಗ ಕಾರ್ಸಿನಾಯ್ಡನ್ನು (ನಿಧಾನವಾಗಿ ಬೆಳೆಯುವ ಟ್ಯೂಮರ್) ಸ್ಮಾಲ್ ಸೆಲ್ ಎಂದು ಓದುವ ಅಪಾಯ ದೊಡ್ಡದು. ಕೆಐ-67 20% ಒಳಗಿದ್ದರೆ ಅಲ್ಲೇ ನಿಂತು ಮತ್ತೊಮ್ಮೆ ಯೋಚಿಸಿ. ಟಿಟಿಎಫ್-1 ಕ್ಲೋನ್ (ಬಳಸಿದ ಪ್ರತಿಕಾಯದ ಬಗೆ) ಯಾವುದೆಂದು ರಿಪೋರ್ಟ್‌ನಲ್ಲಿ ಬರೆಯಿರಿ. ಎಸ್‌ಪಿಟಿ24 ಹೆಚ್ಚು ಹಿಡಿಯುತ್ತದೆ, ಶ್ವಾಸಕೋಶದ್ದಲ್ಲದ್ದನ್ನೂ ಕೆಲವೊಮ್ಮೆ ಹಿಡಿಯುತ್ತದೆ. 8ಜಿ7ಜಿ3/1 ಕಡಿಮೆ ಹಿಡಿದರೂ ಖಚಿತ.

ಸ್ಲೈಡ್‌ಟ್ರೇ

ಎಲ್ಲರಿಗೂ ಧನ್ಯವಾದ. ಸೋಮವಾರದಿಂದ ಬ್ರಾಂಕೋಸ್ಕೋಪಿ ಕೋಣೆಯಲ್ಲಿ ಮೂರು ಪಾತ್ರೆ ಇಡಿಸುತ್ತೇವೆ: ಕ್ಲಾಟ್‌ಗೆ ಫಾರ್ಮಲಿನ್, ತೊಳೆನೀರಿಗೆ ಆರ್‌ಪಿಎಂಐ, ಕ್ಷಯದ ಪರೀಕ್ಷೆಗೆ ಸಲೈನ್. ಥಿನ್‌ಪ್ರೆಪ್ ವಾಶ್ ಮತ್ತು ಬ್ರಶ್‌ಗಷ್ಟೇ. ಪ್ಲೂರಲ್ ಫ್ಲೂಯಿಡ್ (ಶ್ವಾಸಕೋಶದ ಸುತ್ತ ತುಂಬಿದ ನೀರು) ಬಂದರೂ ಇದೇ ಕ್ರಮವೇ?

ಮೈಕ್ರೋಟೋಮ್4

ಬಹುಪಾಲು ಇದೇ. ಅದರಲ್ಲಿ ಸಾಮಗ್ರಿಗೆ ಬರ ಇಲ್ಲ, 50ರಿಂದ 75 ಮಿ.ಲೀ. ಆದರೂ ಕಳಿಸಲಿ, 5 ಮಿ.ಲೀ. ಸಾಲದು. ಬಂದದ್ದನ್ನೆಲ್ಲ ಸ್ಪಿನ್ ಮಾಡಿ, ಒಂದು ಟ್ಯೂಬಷ್ಟನ್ನು ಮಾತ್ರ ಅಲ್ಲ. ಫ್ಲೂಯಿಡ್ ತಾನಾಗಿಯೇ ಹೆಪ್ಪುಗಟ್ಟಿದ್ದರೆ ಆ ಗಡ್ಡೆಯನ್ನು ಎತ್ತಿ ಫಾರ್ಮಲಿನ್‌ಗೆ ಹಾಕಿ, ಕೋಶಗಳು ಅದರೊಳಗೇ ಸಿಕ್ಕಿಕೊಂಡಿರುತ್ತವೆ. ಹೆಪಾರಿನ್ ಹಾಕಿದ ಬಾಟಲಿಯಲ್ಲಿ ಬಂದರೆ ಥ್ರಾಂಬಿನ್ ಬಿಟ್ಟು ಅಗಾರ್‌ಗೆ ಹೋಗಿ.